ಹೊಟ್ಟೆ ಸ್ಕ್ಯಾನ್ ರಿಪೋರ್ಟಿನಲ್ಲಿ ಅಯೋರ್ಟಾದ ಅಳತೆಯೂ ಇರಲಿ

ಮಾನ್ಯ ಸಂಪಾದಕರೇ,

2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬರುತ್ತಿದ್ದಾಗ ಜನ ಎಷ್ಟು ಗಾಬರಿ ಬಿದ್ದಿದ್ದರು ಅಂತ ನಿಮ್ಮ ಓದುಗರಿಗೆ ನೆನಪಿರಬಹುದು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಉದ್ದಕ್ಕೆ ಸಾಲು ನಿಂತಿತ್ತು. ನಮ್ಮ ಊರಿನಿಂದಲೂ ಎಷ್ಟೋ ಜನ ಹೋಗಿ ಇಸಿಜಿ ಮಾಡಿಸಿಕೊಂಡು, ‘ಏನೂ ತೊಂದರೆ ಇಲ್ಲ’ ಅಂತ ಹೇಳಿಸಿಕೊಂಡು, ನೆಮ್ಮದಿಯಿಂದ ವಾಪಸ್ ಬಂದರು. ಆ ಎಚ್ಚರ ಒಳ್ಳೆಯದೇ, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಇಸಿಜಿ ತಿಳಿಸುವುದು ಹೃದಯದ ವಿಷಯ ಮಾತ್ರ. ಹೃದಯದಿಂದ ಹೊರಟು, ಎದೆಯೊಳಗೆ ಬಾಗಿ, ಬೆನ್ನುಮೂಳೆಯ ಮುಂದೆಯೇ ಇಳಿದು, ಹೊಕ್ಕುಳ ಹತ್ತಿರ ಎರಡಾಗಿ ಒಡೆದು ಕಾಲುಗಳಿಗೆ ಹೋಗುವ ದೊಡ್ಡ ರಕ್ತನಾಳ ಇದೆಯಲ್ಲ, ಮಹಾಪಧಮನಿ, ಡಾಕ್ಟರುಗಳು ಅಯೋರ್ಟಾ ಅನ್ನುತ್ತಾರೆ, ಅದು ಹೊಟ್ಟೆಯೊಳಗೆ ಎಷ್ಟು ಉಬ್ಬಿದ್ದರೂ ಇಸಿಜಿ ಪಟ್ಟಿಯಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ಅದು ಒಡೆದು ಸತ್ತವರನ್ನೂ ನಮ್ಮ ಕಡೆ ಸುಮ್ನೆ ‘ಹಾರ್ಟ್ ಅಟ್ಯಾಕ್’ ಅಂತಲೇ ಹೇಳಿ ಮಣ್ಣು ಮಾಡುತ್ತಾರೆ. ಮರಣೋತ್ತರ ಪರೀಕ್ಷೆ ಆಗದಿದ್ದರೆ ಗೊತ್ತಾಗುವ ದಾರಿಯೇ ಇಲ್ಲ.

ನಾನು ಸರ್ಕಾರಿ ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ, ಸರ್ಜಿಕಲ್ ವಾರ್ಡಿನಲ್ಲಿ ಬಹಳ ವರ್ಷ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಿಯಾದವಳು. ಡಾಕ್ಟರ್ ಅಲ್ಲ. ಆದರೂ ಈ ಒಂದು ಕಾಯಿಲೆಯ ವಿಷಯದಲ್ಲಿ ಜನರಿಗೂ, ಸ್ಕ್ಯಾನಿಂಗ್ ಸೆಂಟರಿನವರಿಗೂ, ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಡ್ಯೂಟಿ ಮಾಡುತ್ತಿರುವ ಹುಡುಗ ಹುಡುಗಿಯರಿಗೂ ಹೇಳಲೇಬೇಕಾದದ್ದು ಇದೆ ಅನಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ಮೊದಲು ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ಹೊಟ್ಟೆಯೊಳಗಿನ ಅಯೋರ್ಟಾ ಸಾಮಾನ್ಯವಾಗಿ 2 ಸೆಂಟಿಮೀಟರಿನಷ್ಟು ಅಗಲ ಇರುತ್ತದೆ. ವಯಸ್ಸಾದಂತೆ, ಬೀಡಿ ಸಿಗರೇಟಿನ ಹೊಗೆ ಸೇರಿ, ಬಿಪಿ ಹೆಚ್ಚಾಗಿ, ಅದರ ಗೋಡೆ ಒಂದು ಕಡೆ ಸವೆಯುತ್ತದೆ. ಸವೆದ ಸೈಕಲ್ ಟ್ಯೂಬು ಗಾಳಿ ಹೊಡೆದಾಗ ಒಂದೇ ಕಡೆ ಉಬ್ಬುವ ಹಾಗೆ ಅಲ್ಲೇ ಉಬ್ಬುತ್ತಾ ಹೋಗುತ್ತದೆ. 3 ಸೆಂಟಿಮೀಟರ್ ಮುಟ್ಟಿದರೆ ಅದನ್ನು ಅನ್ಯೂರಿಸಂ ಅನ್ನುತ್ತಾರೆ. ನೋವಿಲ್ಲ, ಜ್ವರ ಇಲ್ಲ, ಊಟ ನಿದ್ದೆ ಎಲ್ಲ ಸರಿ. ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಂತೆ ಬೆಳೆಯುತ್ತಾ ಹೋಗುತ್ತದೆ, ದೊಡ್ಡದಾದಷ್ಟೂ ಬೆಳೆಯುವ ವೇಗವೂ ಜಾಸ್ತಿ. ಒಂದು ದಿನ ಒಡೆದರೆ ಹತ್ತರಲ್ಲಿ ಎಂಟು ಜನ ಉಳಿಯುವುದಿಲ್ಲ, ಅದರಲ್ಲೂ ಎಷ್ಟೋ ಜನ ಆಸ್ಪತ್ರೆ ಬಾಗಿಲನ್ನೂ ಕಾಣುವುದಿಲ್ಲ. ಒಡೆಯುವ ಮುಂಚೆ ಗೊತ್ತಾಗಿ ತಯಾರಿ ಮಾಡಿಕೊಂಡು ಆಪರೇಷನ್ ಮಾಡಿಸಿಕೊಂಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಮನೆಗೆ ನಡೆದುಕೊಂಡು ಹೋಗುತ್ತಾರೆ. ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ ಮುಂಚೆ ಕಂಡುಹಿಡಿಯುವುದಕ್ಕೆ ನಾವು ಏನು ಮಾಡುತ್ತಿದ್ದೇವೆ ಅನ್ನುವುದೇ ನನ್ನ ಪ್ರಶ್ನೆ.

ಯಾರಿಗೆ ಬರುತ್ತದೆ ಅನ್ನುವುದು ಗುಟ್ಟೇನಲ್ಲ. 65 ದಾಟಿದ ಗಂಡಸರು, ಅದರಲ್ಲೂ ಬೀಡಿ ಸಿಗರೇಟು ಸೇದುವವರು ಅಥವಾ ಹಿಂದೆ ಸೇದುತ್ತಿದ್ದವರು. ‘ಬಿಟ್ಟು ಹತ್ತು ವರ್ಷ ಆಯ್ತು ಸಿಸ್ಟರ್’ ಅನ್ನುವವರೂ ಲೆಕ್ಕಕ್ಕೆ ಬರುತ್ತಾರೆ. ಬಿಪಿ ಇರುವವರು, ಕಾಲಿನ ಅಥವಾ ಹೃದಯದ ರಕ್ತನಾಳ ಕಟ್ಟಿಕೊಂಡವರು, ಅಪ್ಪನಿಗೋ ಅಣ್ಣನಿಗೋ ಇದೇ ಕಾಯಿಲೆ ಇದ್ದವರು. ಹೆಂಗಸರಲ್ಲಿ ಕಡಿಮೆ, ಆದರೆ ಬಂದರೆ ಗಂಡಸರಿಗಿಂತ ಚಿಕ್ಕ ಅಳತೆಯಲ್ಲೇ ಒಡೆಯುತ್ತದೆ. ಚಿಕ್ಕ ವಯಸ್ಸಿನವರಲ್ಲೂ ಇಲ್ಲ ಅಂತಲ್ಲ. ತುಂಬಾ ಎತ್ತರ, ಉದ್ದುದ್ದ ಬೆರಳು, ಕಣ್ಣಿನ ಲೆನ್ಸ್ ಜಾರಿದ ತೊಂದರೆ, ಮನೆಯಲ್ಲಿ ಯಾರೋ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ಹೋದ ಕಥೆ, ಇವೆಲ್ಲ ಒಂದೇ ಕಡೆ ಕಂಡರೆ ಮಾರ್ಫನ್ ಅನ್ನುವ ಹುಟ್ಟು ಕಾಯಿಲೆ ಇರಬಹುದು, ಅವರ ಅಯೋರ್ಟಾ ಹೃದಯದ ಬುಡದಲ್ಲೇ ಹಿಗ್ಗುತ್ತದೆ. ನಮ್ಮ ದೇಶದಲ್ಲಿ ಕಾಣುವ ಇನ್ನೊಂದು, ತಾಕಯಾಸು ಅನ್ನುವ ರಕ್ತನಾಳದ ಉರಿಯೂತ. ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೇ ಬರುತ್ತದೆ. ಒಂದು ಕೈಯಲ್ಲಿ ನಾಡಿ ಸಿಗುವುದಿಲ್ಲ, ಬಿಪಿ ಹಿಡಿಯುವುದಿಲ್ಲ, ಮಿಷನ್ ಕೆಟ್ಟಿದೆ ಅಂತ ಇನ್ನೊಂದು ಕೈಗೆ ಪಟ್ಟಿ ಸುತ್ತುತ್ತಾರೆ. ಆ ಹುಡುಗಿಯನ್ನು ಹಾಗೇ ಮನೆಗೆ ಕಳಿಸಬಾರದು.

ಈಗ ನಾನು ಕಣ್ಣಾರೆ ಕಂಡ ಒಂದು ಕೇಸ್ ಹೇಳುತ್ತೇನೆ. ಯಾವ ಆಸ್ಪತ್ರೆ, ಯಾವ ಊರು ಬೇಡ, ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ಎಪ್ಪತ್ತರ ಆಸುಪಾಸಿನ ಯಜಮಾನರು, ತೆಂಗಿನಕಾಯಿ ಸುಲಿಯುವ ಕೆಲಸ. ಬೆಳಿಗ್ಗೆ ತೋಟದಲ್ಲಿದ್ದಾಗ ಎಡಗಡೆ ಪಕ್ಕೆ ಹಿಡಿದು, ನೋವು ಸೊಂಟಕ್ಕೂ ತೊಡೆಸಂದಿಗೂ ಇಳಿದು, ಒಂದು ಸಲ ಕಣ್ಣು ಕತ್ತಲೆ ಬಂದು ಕೂತುಬಿಟ್ಟಿದ್ದಾರೆ. ಮೊದಲು ಹೋದ ಕಡೆ ಕಿಡ್ನಿ ಕಲ್ಲು ಅಂತ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಮಧ್ಯಾಹ್ನ ನಮ್ಮಲ್ಲಿಗೆ ಬಂದಾಗ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು, ಕೈ ಮುಟ್ಟಿದರೆ ತಣ್ಣಗೆ, ಮೇಲಿನ ಬಿಪಿ 90. ಕಲ್ಲಿನ ನೋವಿನವರು ಮಂಚದ ಮೇಲೆ ಒಂದು ಕಡೆ ನಿಲ್ಲುವುದಿಲ್ಲ, ಹೊರಳಾಡುತ್ತಾರೆ. ಇವರು ಅಲುಗಾಡದೆ ಮಲಗಿದ್ದರು. ಡ್ಯೂಟಿ ಡಾಕ್ಟರ್ ಹೊಕ್ಕುಳ ಮೇಲ್ಭಾಗಕ್ಕೆ ಅಂಗೈ ಇಟ್ಟರು, ನನಗೂ ಇಡಲು ಹೇಳಿದರು. ಒಳಗಿನಿಂದ ಏನೋ ಅಗಲವಾದದ್ದು ಎದ್ದು ಎದ್ದು ಕೈಯನ್ನು ಎರಡೂ ಪಕ್ಕಕ್ಕೆ ತಳ್ಳುತ್ತಿತ್ತು. ಸಣ್ಣಗಿರುವವರ ಹೊಟ್ಟೆಯಲ್ಲಿ ಮಾಮೂಲಿಯಾಗಿ ಮೇಲೆ ಕೆಳಗೆ ಮಿಡಿಯುವ ಮಿಡಿತ ಬೇರೆ, ಹೀಗೆ ಬೆರಳುಗಳನ್ನು ಅಗಲ ಮಾಡುವ ಮಿಡಿತ ಬೇರೆ.

ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡುವ ಹೊತ್ತಿಗೆ ಅವರ ಹೆಂಡತಿ ಪ್ಲಾಸ್ಟಿಕ್ ಕವರಿನಿಂದ ಹಳೇ ಕಾಗದಗಳನ್ನೆಲ್ಲ ತೆಗೆದು ಕೊಟ್ಟರು. ಅದರಲ್ಲಿ ಎರಡು ವರ್ಷದ ಹಿಂದೆ ಮೂತ್ರದ ತೊಂದರೆಗೆ ಮಾಡಿಸಿದ ಸ್ಕ್ಯಾನ್ ರಿಪೋರ್ಟ್ ಇತ್ತು. ಎರಡನೇ ಪುಟದ ಮಧ್ಯದಲ್ಲಿ ಒಂದು ಸಾಲು: ಅಯೋರ್ಟಾ ಹಿಗ್ಗಿದೆ, 4.6 ಸೆಂಟಿಮೀಟರ್. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಇರುವ ‘ಇಂಪ್ರೆಷನ್’, ಅಂದರೆ ರಿಪೋರ್ಟಿನ ಸಾರಾಂಶದ ಭಾಗದಲ್ಲಿ ಬರೀ ಪ್ರಾಸ್ಟೇಟ್ ದೊಡ್ಡದಾಗಿದೆ ಅಂತಷ್ಟೇ. ಪ್ರಾಸ್ಟೇಟಿಗೆ ಮಾತ್ರೆ ಬಂತು, ತಪ್ಪದೆ ನುಂಗುತ್ತಿದ್ದರು ಪಾಪ. ರಕ್ತನಾಳದ ವಿಷಯ ಯಾರೂ ಹೇಳಲಿಲ್ಲ. ಮನೆಯವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅವರು ದಾರಿಯಲ್ಲೇ ತೀರಿಕೊಂಡರು ಅಂತ ರಾತ್ರಿ ಆಂಬುಲೆನ್ಸಿನವರು ಹೇಳಿದರು.

ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ ಅಂದರೂ ತಪ್ಪಿಲ್ಲ.

ನಮ್ಮ ತಾಲ್ಲೂಕುಗಳಲ್ಲಿ ವಯಸ್ಸಾದ ಗಂಡಸರಿಗೆ ಹೊಟ್ಟೆ ಸ್ಕ್ಯಾನ್ ಆಗುವುದು ಕಡಿಮೆಯೇನಲ್ಲ. ಮೂತ್ರ ಕಟ್ಟಿಕೊಂಡಿತು ಅಂತ, ಗ್ಯಾಸ್ ಜಾಸ್ತಿ ಅಂತ, ಕಲ್ಲಿದೆಯಾ ನೋಡೋಣ ಅಂತ, ಹರ್ನಿಯಾ ಆಪರೇಷನ್ನಿಗೆ ಮುಂಚೆ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಸ್ಕ್ಯಾನ್ ಆಗಿಯೇ ಆಗುತ್ತದೆ. ಲಿವರ್, ಪಿತ್ತಕೋಶ, ಕಿಡ್ನಿ ನೋಡುವ ಅದೇ ಕೈ, ಅದೇ ಮಿಷನ್ನು, ನಡುವಿನಲ್ಲಿ ಇನ್ನೆರಡು ನಿಮಿಷ ನಿಂತರೆ ಅಯೋರ್ಟಾದ ಅಗಲ ಅಳೆಯಬಹುದು. ಬೇರೆ ಸೂಜಿ ಬೇಡ, ಔಷಧ ಬೇಡ, ಎಕ್ಸ್‌ರೇ ಕಿರಣ ಇಲ್ಲ. ಎಷ್ಟೋ ರಿಪೋರ್ಟುಗಳಲ್ಲಿ ‘ಅಯೋರ್ಟಾ ನಾರ್ಮಲ್’ ಅಂತ ಮೊದಲೇ ಅಚ್ಚಾಗಿ ಬಂದಿರುತ್ತದೆ, ನಿಜವಾಗಿ ಅಳೆದರೋ ಇಲ್ಲವೋ ಓದಿದವರಿಗೆ ಗೊತ್ತಾಗುವುದಿಲ್ಲ. ರೇಡಿಯಾಲಜಿ ಡಾಕ್ಟರುಗಳಲ್ಲಿ ನನ್ನ ಕೈಮುಗಿದ ವಿನಂತಿ ಇಷ್ಟೇ: 65 ದಾಟಿದವರಿಗೆ, ಬೀಡಿ ಸೇದಿದವರಿಗೆ, ಅಳತೆಯನ್ನು ಸಂಖ್ಯೆಯಲ್ಲಿ ಬರೆಯಿರಿ. 3 ಸೆಂಟಿಮೀಟರ್ ಮೇಲಿದ್ದರೆ ಅದನ್ನು ಇಂಪ್ರೆಷನ್ನಿನ ಮೊದಲ ಸಾಲಿಗೆ ತನ್ನಿ. ಗ್ಯಾಸ್ ಅಡ್ಡ ಬಂದು ಕಾಣಲಿಲ್ಲ ಅಂದರೆ ಕಾಣಲಿಲ್ಲ ಅಂತಲೇ ಬರೆಯಿರಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಸಲ ಕರೆಯಿರಿ. ಪಕ್ಕದಲ್ಲಿ ನಿಂತ ಮಗನಿಗೋ ಮಗಳಿಗೋ ಕನ್ನಡದಲ್ಲಿ ಒಂದು ಮಾತು ಹೇಳಿ ಕಳಿಸಿ.

ಇದೇನು ನನ್ನ ಹೊಸ ಯೋಚನೆ ಅಲ್ಲ. ಇಂಗ್ಲೆಂಡಿನಲ್ಲಿ 65 ತುಂಬಿದ ಪ್ರತಿ ಗಂಡಸಿಗೂ ಸರ್ಕಾರದಿಂದಲೇ ಈ ಸ್ಕ್ಯಾನಿಗೆ ಪತ್ರ ಬರುತ್ತದೆ, 2013ರಿಂದ ಇಡೀ ಇಂಗ್ಲೆಂಡಿಗೆ ಈ ವ್ಯವಸ್ಥೆ ಇದೆ. ಅದಕ್ಕೆ ಮುಂಚೆ ಬ್ರಿಟನ್ನಿನಲ್ಲಿ 65ರಿಂದ 74ರೊಳಗಿನ ಸುಮಾರು 67,800 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಕ್ಯಾನಿಗೆ ಕರೆದು ನಾಲ್ಕು ವರ್ಷ ಗಮನಿಸಿದರು. 2002ರಲ್ಲಿ ಬಂದ ಆ ಅಧ್ಯಯನದಲ್ಲಿ, ಸ್ಕ್ಯಾನಿಗೆ ಕರೆದ ಗುಂಪಿನಲ್ಲಿ ಈ ಕಾಯಿಲೆಯ ಸಾವು ಶೇ 42ರಷ್ಟು ಕಡಿಮೆ ಇತ್ತು. ಅಮೆರಿಕದಲ್ಲೂ 65ರಿಂದ 75ರೊಳಗಿನ, ಯಾವಾಗಲಾದರೂ ಸಿಗರೇಟು ಸೇದಿದ ಗಂಡಸರಿಗೆ ಒಮ್ಮೆ ಸ್ಕ್ಯಾನ್ ಮಾಡಿಸಿ ಅನ್ನುತ್ತಾರೆ. ನಮ್ಮಲ್ಲಿ ಅಂಥ ರಾಷ್ಟ್ರೀಯ ಕಾರ್ಯಕ್ರಮ ಇಲ್ಲ. ನಾಳೆಯೇ ಊರೂರಿಗೆ ಮಿಷನ್ ತೆಗೆದುಕೊಂಡು ಹೋಗಿ ಕ್ಯಾಂಪ್ ಮಾಡಿ ಅಂತ ನಾನು ಕೇಳುತ್ತಿಲ್ಲ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಇರುವುದರಿಂದ ಸ್ಕ್ಯಾನಿಂಗ್ ಮಿಷನ್ನನ್ನು ಬೇಕಾದ ಕಡೆ ಹೊತ್ತುಕೊಂಡು ಹೋಗುವಂತಿಲ್ಲ, ಆ ಕಾಯ್ದೆ ಬಿಗಿಯಾಗಿಯೇ ಇರಬೇಕು. ಆದರೆ ಈಗ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಬಂದು ಬಿಪಿ, ಶುಗರ್ ನೋಡುತ್ತಿದ್ದಾರಲ್ಲ, ಅವರ ಹಾಳೆಯಲ್ಲಿ ಎರಡು ಪ್ರಶ್ನೆ ಸೇರಿಸಬಹುದು. ವಯಸ್ಸು 65 ದಾಟಿದೆಯಾ, ಬೀಡಿ ಸಿಗರೇಟು ಸೇದಿದ್ದೀರಾ? ಎರಡಕ್ಕೂ ಹೌದು ಅಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಸ್ಕ್ಯಾನಿಗೆ ಚೀಟಿ. ಇದಕ್ಕೆ ಹೊಸ ಕಟ್ಟಡ, ಹೊಸ ಹುದ್ದೆ ಏನೂ ಬೇಕಾಗಿಲ್ಲ.

ಇನ್ನು, ಕಾಯಿಲೆ ಇದೆ ಅಂತ ಗೊತ್ತಾದ ಮನೆಗಳ ವಿಷಯ. ಇಲ್ಲಿ ನಾನು ಕಂಡ ದೊಡ್ಡ ತೊಂದರೆ ಭಯ. ಯಾರೋ ‘ಹೊಟ್ಟೆಯಲ್ಲಿ ಬಾಂಬ್ ಇದ್ದ ಹಾಗೆ’ ಅಂದುಬಿಡುತ್ತಾರೆ. ಆಮೇಲೆ ಮನೆಯವರು ಅಪ್ಪನನ್ನು ಮಂಚ ಬಿಟ್ಟು ಇಳಿಯಲು ಬಿಡುವುದಿಲ್ಲ, ಕೆಲವರು ಅಪ್ಪನಿಗೆ ವಿಷಯವನ್ನೇ ಹೇಳುವುದಿಲ್ಲ. ಎರಡೂ ಬೇಡ. ಹೊಟ್ಟೆಯ ಅನ್ಯೂರಿಸಂ 5.5 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಒಂದು ವರ್ಷದಲ್ಲಿ ಒಡೆಯುವುದು ಸುಮಾರು ನೂರಕ್ಕೆ ಒಬ್ಬರಿಗೆ. ಗಂಡಸರಿಗೆ 5.5, ಹೆಂಗಸರಿಗೆ 5 ಸೆಂಟಿಮೀಟರ್ ಮುಟ್ಟಿದಾಗ, ಅಥವಾ ಒಂದೇ ವರ್ಷದಲ್ಲಿ ಒಂದು ಸೆಂಟಿಮೀಟರಿನಷ್ಟು ಬೆಳೆದಾಗ, ಅಥವಾ ನೋವು ಶುರುವಾದಾಗ ಆಪರೇಷನ್ ಮಾತು ಬರುತ್ತದೆ. ಅದಕ್ಕಿಂತ ಮುಂಚೆ ಬೇಕಾಗಿರುವುದು ಕಾಯುವಿಕೆ, ಆದರೆ ಕಣ್ಣಿಟ್ಟು ಕಾಯಬೇಕು. ಇಂಗ್ಲೆಂಡಿನಲ್ಲಿ 3ರಿಂದ 4.4ರವರೆಗೆ ವರ್ಷಕ್ಕೊಂದು ಸ್ಕ್ಯಾನ್, 4.5ರಿಂದ 5.4ರವರೆಗೆ ಮೂರು ತಿಂಗಳಿಗೊಂದು ಸ್ಕ್ಯಾನ್ ಮಾಡುತ್ತಾರೆ. ನಿಮ್ಮ ಡಾಕ್ಟರ್ ಎಷ್ಟು ದಿನಕ್ಕೆ ಹೇಳಿದ್ದಾರೋ ಅಷ್ಟು ದಿನಕ್ಕೆ ಹೋಗಿ, ಹಳೇ ರಿಪೋರ್ಟ್ ಜೊತೆಗಿರಲಿ, ಸಾಧ್ಯವಾದರೆ ಅದೇ ಸೆಂಟರಿನಲ್ಲಿ ಮಾಡಿಸಿ. ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅಲ್ಲೇ ಮುಂದಿನ ಸ್ಕ್ಯಾನ್ ತಾರೀಕನ್ನೂ ಬರೆದಿಡಿ.

ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಬೀಡಿ ಬಿಡಿಸುವುದು. ಎಪ್ಪತ್ತು ವರ್ಷ ಆದವರಿಗೆ ಈಗ ಬಿಟ್ಟು ಏನಾಗಬೇಕು ಅನ್ನುತ್ತಾರೆ, ಆ ಮಾತನ್ನು ನಾನು ಒಪ್ಪುವುದಿಲ್ಲ. ಸೇದುತ್ತಾ ಇದ್ದರೆ ಉಬ್ಬು ಬೇಗ ಬೆಳೆಯುತ್ತದೆ, ಒಡೆಯುವುದೂ ಜಾಸ್ತಿ, ಆಪರೇಷನ್ ಮಾಡಿದರೆ ಪುಪ್ಪುಸದ ತೊಂದರೆಯೂ ಅವರಿಗೇ ಹೆಚ್ಚು. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಬಿಪಿ ನಾರ್ಮಲ್ ಬಂತು ಅಂತ ಮಾತ್ರೆ ನಿಲ್ಲಿಸುವವರು ನಮ್ಮಲ್ಲಿ ಎಷ್ಟು ಜನ! ಮಾತ್ರೆ ನುಂಗಿದ್ದಕ್ಕೇ ಅದು ನಾರ್ಮಲ್ ಬಂದದ್ದು ಅಲ್ವಾ? ಕೊಲೆಸ್ಟರಾಲ್ ಮಾತ್ರೆ ಕೊಟ್ಟಿದ್ದರೆ ಅದನ್ನೂ ಬಿಡಬೇಡಿ, ಇವರಿಗೆ ಹೃದಯಾಘಾತ, ಪಾರ್ಶ್ವವಾಯು ಬರುವ ಸಾಧ್ಯತೆಯೂ ಹೆಚ್ಚಿರುತ್ತದೆ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ತಿಣುಕುವುದರಿಂದ ಬಿಪಿ ಒಮ್ಮೆಲೇ ಏರುತ್ತದೆ. ಕೆಮ್ಮು ತಿಂಗಳುಗಟ್ಟಲೆ ಇದ್ದರೆ ತೋರಿಸಿ. ನಡಿಗೆ ಒಳ್ಳೆಯದು, ಹೊಲಕ್ಕೆ ಹೋಗಿ ಬರುವುದು, ದೇವಸ್ಥಾನಕ್ಕೆ ಹೋಗುವುದು, ದನಕ್ಕೆ ಹುಲ್ಲು ಹಾಕುವುದು ಎಲ್ಲ ಮಾಡಬಹುದು. ಕಾಯಿ ಮೂಟೆ ಎತ್ತುವುದು, ಉಸಿರು ಬಿಗಿಹಿಡಿದು ಭಾರ ತಳ್ಳುವುದು ಬೇಡ.

ಇನ್ನೊಂದು ವಿಷಯ ಮೆಡಿಕಲ್ ಶಾಪಿಗೆ ಸಂಬಂಧಪಟ್ಟದ್ದು, ಇದನ್ನು ದಯವಿಟ್ಟು ಗಮನಿಸಿ. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಅಂತ ಆಂಟಿಬಯಾಟಿಕ್ ಮಾತ್ರೆಗಳಿವೆ. ಉರಿಮೂತ್ರಕ್ಕೆ, ಭೇದಿಗೆ, ಕಫಕ್ಕೆ ನಮ್ಮ ಕಡೆ ಚೀಟಿ ಇಲ್ಲದೆಯೂ ಸಿಗುತ್ತವೆ. ಈ ಗುಂಪಿನ ಔಷಧಿಯಿಂದ ಅಯೋರ್ಟಾ ಸೀಳುವ, ಒಡೆಯುವ ಅಪಾಯ ಹೆಚ್ಚುತ್ತದೆ, ಅನ್ಯೂರಿಸಂ ಇರುವವರಿಗೆ ಬೇರೆ ದಾರಿ ಇದ್ದಾಗ ಕೊಡಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿದೆ. ಪ್ರಾಸ್ಟೇಟ್ ತೊಂದರೆ ಇರುವ ವಯಸ್ಸಾದ ಗಂಡಸರಿಗೆ ಮೂತ್ರದ ಸೋಂಕು ಆಗಾಗ ಬರುತ್ತದೆ, ಅವರಿಗೇ ಈ ಮಾತ್ರೆ, ಅವರಲ್ಲೇ ಈ ಅನ್ಯೂರಿಸಂ ಕೂಡ. ಯಾವ ಡಾಕ್ಟರ್ ಹತ್ತಿರ ಹೋದರೂ, ಹಲ್ಲಿನ ಡಾಕ್ಟರ್ ಆಗಲಿ, ಕಣ್ಣಿನ ಡಾಕ್ಟರ್ ಆಗಲಿ, ‘ನನಗೆ ಹೊಟ್ಟೆಯ ಅಯೋರ್ಟಾ ಉಬ್ಬಿದೆ, ಇಷ್ಟು ಸೆಂಟಿಮೀಟರ್’ ಅಂತ ಮೊದಲು ಹೇಳಿ. ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲೋ ಮೊಬೈಲ್ ಕವರಿನ ಹಿಂದೆಯೋ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ದಾರಿಯಲ್ಲಿ ಬಿದ್ದರೆ ಆ ಚೀಟಿಯೇ ಮಾತಾಡಬೇಕು.

ಒಡೆದಾಗ ಏನಾಗುತ್ತದೆ ಅಂತ ಮೇಲೆ ಹೇಳಿದ ಕೇಸಿನಲ್ಲೇ ಬಂದಿದೆ. ಹೊಟ್ಟೆ, ಬೆನ್ನು, ಪಕ್ಕೆ, ಎಲ್ಲಿಯಾದರೂ ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದ ನೋವು, ತಲೆ ಸುತ್ತಿ ಬೀಳುವುದು, ಬೆವರು, ಬಿಪಿ ಇಳಿಯುವುದು. ಎಲ್ಲವೂ ಒಟ್ಟಿಗೆ ಬರಬೇಕು ಅಂತಿಲ್ಲ. ಅರವತ್ತು ದಾಟಿದವರಿಗೆ ಜೀವಮಾನದಲ್ಲಿ ಮೊದಲ ಸಲ ‘ಕಿಡ್ನಿ ಕಲ್ಲಿನ ನೋವು’ ಬಂದರೆ ಕಲ್ಲು ಅಂತ ಬರೆಯುವ ಮುಂಚೆ ಒಮ್ಮೆ ಅಯೋರ್ಟಾ ನೋಡಿ. ದೊಡ್ಡ ದೊಡ್ಡವರಿಗೂ ಹೀಗೆ ಮೋಸ ಆಗಿದೆ. ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಇದೇ ಕಾಯಿಲೆ ಇತ್ತು, ಕೊನೆಯ ದಿನಗಳ ನೋವನ್ನು ಪಿತ್ತಕೋಶದ್ದು ಅಂತಲೂ ಅಂದುಕೊಂಡಿದ್ದರು. 1948ರಲ್ಲಿ ರುಡಾಲ್ಫ್ ನಿಸ್ಸೆನ್ ಅನ್ನುವ ಸರ್ಜನ್ ಅವರ ಉಬ್ಬಿದ ಅಯೋರ್ಟಾಗೆ ಸೆಲ್ಲೋಫೇನ್ ಹಾಳೆ ಸುತ್ತಿದ್ದರು, ಆಗ ಅದಕ್ಕಿಂತ ಹೆಚ್ಚಿನ ದಾರಿ ಇರಲಿಲ್ಲ. 1955ರ ಏಪ್ರಿಲ್ 18ರಂದು ಅದು ಒಡೆದೇ ಅವರು ತೀರಿಕೊಂಡರು.

ಅಂಥ ನೋವು ಬಂದರೆ ಹೊಟ್ಟೆಗೆ ಎಣ್ಣೆ ಹಚ್ಚಿ ನೀವುವುದು, ಸೋಡಾ ಕುಡಿಸುವುದು, ಕಾಫಿ ಕೊಡುವುದು ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ, ಅನ್ಯೂರಿಸಂ ಇದೆ ಅಂತ ಗೊತ್ತಿದ್ದರೆ ಅದನ್ನೇ ಮೊದಲು ಹೇಳಿ. ಆಸ್ಪತ್ರೆಯಲ್ಲಿರುವ ನನ್ನ ತಂಗಿಯರಿಗೆ, ತಮ್ಮಂದಿರಿಗೆ ಒಂದು ಮಾತು. ಬಿಪಿ ಇಳಿದಿದೆ ಅಂತ ಕೈ ತಾನೇ ಸಲೈನ್ ಬಾಟಲಿ ಕಡೆ ಹೋಗುತ್ತದೆ. ಈ ರೋಗಿಗೆ ಬಾಟಲಿ ಮೇಲೆ ಬಾಟಲಿ ಓಡಿಸಿ ಬಿಪಿ ಏರಿಸಿದರೆ, ಹೇಗೋ ಹೆಪ್ಪುಗಟ್ಟಿ ನಿಂತ ರಕ್ತ ಮತ್ತೆ ಸೋರುತ್ತದೆ. ರೋಗಿ ಎಚ್ಚರವಾಗಿ ಮಾತಾಡುತ್ತಿದ್ದರೆ ಮೇಲಿನ ಬಿಪಿ 70ರಿಂದ 90ರೊಳಗೆ ಇದ್ದರೂ ಸಾಕು ಅನ್ನುವುದು ಈಗಿನ ಪದ್ಧತಿ, ಡಾಕ್ಟರನ್ನು ಕೇಳಿಕೊಂಡೇ ಮಾಡಿ. ಎರಡು ದಪ್ಪ ಸೂಜಿ ಹಾಕಿಡಿ, ಗ್ರೂಪಿಂಗ್ ಮತ್ತು ಕ್ರಾಸ್‌ಮ್ಯಾಚಿಗೆ ರಕ್ತ ತೆಗೆಯಿರಿ, ರೋಗಿಯನ್ನು ಅಲುಗಾಡಿಸುವುದು ಕಡಿಮೆ ಮಾಡಿ. ಕಳಿಸುವ ಮುಂಚೆ ಫೋನ್ ಮಾಡಿ ಅಲ್ಲಿ ರಕ್ತನಾಳದ ಸರ್ಜನ್ ಇದ್ದಾರಾ, ಥಿಯೇಟರ್ ಖಾಲಿ ಇದೆಯಾ ಕೇಳಿ. ನಡುವೆ ಇನ್ನೊಂದು ಆಸ್ಪತ್ರೆಯಲ್ಲಿ ಇಳಿಸಿ ಮತ್ತೆ ಹತ್ತಿಸಿದರೆ ಆ ಒಂದು ಗಂಟೆಯಲ್ಲೇ ಜೀವ ಹೋಗುತ್ತದೆ.

ಎದೆಯಲ್ಲಿರುವ ಅಯೋರ್ಟಾದ ಕಥೆ ಸ್ವಲ್ಪ ಬೇರೆ. ಅಲ್ಲಿ ಗೋಡೆಯ ಒಳಪದರ ಸೀಳಿ, ರಕ್ತ ಪದರಗಳ ನಡುವೆ ನುಗ್ಗುತ್ತದೆ, ಡಿಸೆಕ್ಷನ್ ಅನ್ನುತ್ತಾರೆ. ನೋವು ಶುರುವಾದ ಕ್ಷಣದಲ್ಲೇ ಅತಿ ಜೋರು, ಎದೆ ಹರಿದ ಹಾಗೆ, ಭುಜದ ಮೂಳೆಗಳ ನಡುವೆ ಹೋಗುತ್ತದೆ. ಕೆಲವರಿಗೆ ಒಂದು ಕೈಯ ಬಿಪಿಗೂ ಇನ್ನೊಂದಕ್ಕೂ 20ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ, ಕೆಲವರಿಗೆ ಒಂದು ಕಾಲು ತಣ್ಣಗಾಗುತ್ತದೆ, ಮಾತು ತೊದಲುತ್ತದೆ. ಹೃದಯದ ಹತ್ತಿರದ ಭಾಗ ಸೀಳಿದ್ದರೆ ಮೊದಲ ಎರಡು ದಿನ ಗಂಟೆಗೆ ನೂರರಲ್ಲಿ ಒಬ್ಬರು ಇಬ್ಬರು ಸಾಯುತ್ತಾ ಹೋಗುತ್ತಾರೆ, ತಕ್ಷಣ ಆಪರೇಷನ್ ಆಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೃದಯಾಘಾತ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬಡವರ ಪಾಲಿಗೆ ಅದು ದೊಡ್ಡ ಯೋಜನೆ, ನಾನು ಮನಸಾರೆ ಮೆಚ್ಚಿದ್ದೇನೆ. ಎದೆನೋವು ಬಂದವರಲ್ಲಿ ಹೃದಯಾಘಾತವೇ ಹೆಚ್ಚು, ಹಾಗಾಗಿ ಇಂಜೆಕ್ಷನ್ ಅಂದರೆ ಯಾರೂ ಹೆದರಬಾರದು, ತಡ ಮಾಡಲೂಬಾರದು. ನನ್ನ ಕೋರಿಕೆ, ಅದನ್ನು ಕೊಡುವ ಮುಂಚೆ ಎರಡೂ ಕೈಯ ಬಿಪಿ ನೋಡುವುದು ಎಲ್ಲ ಕಡೆ ಕಡ್ಡಾಯವಾಗಲಿ ಅನ್ನುವುದು. ಒಂದು ನಿಮಿಷದ ಕೆಲಸ. ಸೀಳಿದ ಅಯೋರ್ಟಾಗೆ ಆ ಇಂಜೆಕ್ಷನ್ ಹೋದರೆ ರಕ್ತ ನಿಲ್ಲುವುದೇ ಇಲ್ಲ. ಅನುಮಾನ ಬಂದರೆ ಸಿಟಿ ಆಂಜಿಯೋ, ಅಂದರೆ ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್ ಆಗಬೇಕು, ಅಲ್ಲಿಯವರೆಗೆ ನೋವು ಇಳಿಸಿ, ನಾಡಿ ನಿಮಿಷಕ್ಕೆ 60ರ ಕೆಳಗೆ, ಮೇಲಿನ ಬಿಪಿ 100ರಿಂದ 120ರೊಳಗೆ ಬರುವ ಹಾಗೆ ಔಷಧಿ ಕೊಡುತ್ತಾರೆ.

ಆಪರೇಷನ್ ಬಗ್ಗೆಯೂ ಎರಡು ಮಾತು. ಹೊಟ್ಟೆ ತೆರೆದು ಹಾಳಾದ ಭಾಗಕ್ಕೆ ಬಟ್ಟೆಯ ಕೊಳವೆ ಹೊಲಿಯುವುದು ಒಂದು ರೀತಿ. ಅಮೆರಿಕದ ಸರ್ಜನ್ ಮೈಕೆಲ್ ಡಿಬೇಕಿ ಡೆಕ್ರಾನ್ ಬಟ್ಟೆ ತಂದು ಹೊಲಿಗೆ ಮಿಷನ್ನಿನಲ್ಲಿ ತಾವೇ ಅಂಥ ಕೊಳವೆ ಹೊಲಿದಿದ್ದರು. ಮುಂದೆ 97ನೇ ವಯಸ್ಸಿನಲ್ಲಿ ಅವರಿಗೇ ಅಯೋರ್ಟಾ ಸೀಳಿ, ಅವರೇ ಬೆಳೆಸಿದ ವಿಧಾನದಲ್ಲಿ 2006ರಲ್ಲಿ ಆಪರೇಷನ್ ಆಗಿ ಬದುಕಿದರು. ಇನ್ನೊಂದು ರೀತಿ, ತೊಡೆಸಂದಿಯ ರಕ್ತನಾಳದಿಂದ ಒಳಗೆ ಕಳಿಸುವ ಸ್ಟೆಂಟ್ ಕೊಳವೆ. ಹೊಟ್ಟೆಯ ಅನ್ಯೂರಿಸಂಗೆ ಇದನ್ನು ಅರ್ಜೆಂಟೀನಾದ ಸರ್ಜನ್ ಹುವಾನ್ ಪರೋಡಿ 1990ರಲ್ಲಿ ಮಾಡಿ ತೋರಿಸಿದರು. ಇದರಲ್ಲಿ ಗಾಯ ಚಿಕ್ಕದು, ಬೇಗ ಮನೆಗೆ ಹೋಗಬಹುದು. ಆದರೆ ಸ್ಟೆಂಟಿನ ಪಕ್ಕದಿಂದ ರಕ್ತ ಮತ್ತೆ ಉಬ್ಬಿನೊಳಗೆ ಸೋರಬಹುದು, ಅದಕ್ಕೇ ಜೀವನಪೂರ್ತಿ ಸ್ಕ್ಯಾನ್ ಮಾಡಿಸುತ್ತಿರಬೇಕು. ಚೆನ್ನಾಗಿದ್ದೇನೆ, ಇನ್ಯಾಕೆ ಅಂತ ಎರಡನೇ ವರ್ಷಕ್ಕೇ ಬಿಟ್ಟುಬಿಡುತ್ತಾರೆ, ಬಸ್ ಚಾರ್ಜು, ಒಂದು ದಿನದ ಕೂಲಿ, ಸ್ಕ್ಯಾನಿನ ದುಡ್ಡು, ಎಲ್ಲ ಸೇರಿದರೆ ಕಷ್ಟವೇ, ನನಗೆ ಅರ್ಥ ಆಗುತ್ತದೆ. ಮನೆಗೆ ಬಂದ ಮೇಲೆ ಕಾಲು ತಣ್ಣಗಾದರೆ, ಬಣ್ಣ ಬದಲಾದರೆ, ಬಿಡದ ಜ್ವರ ಬಂದರೆ, ಗಾಯದಲ್ಲಿ ಕೀವು ಕಂಡರೆ, ಮಲದಲ್ಲಿ ರಕ್ತ ಹೋದರೆ ಕಾಯಬೇಡಿ. ಖರ್ಚಿನ ವಿಷಯಕ್ಕೆ ರೇಷನ್ ಕಾರ್ಡ್, ಆಧಾರ್, ಆಯುಷ್ಮಾನ್ ಕಾರ್ಡ್ ತೆಗೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗಳಿಗೆ ಸಹಾಯ ಮಾಡುವ ಆರೋಗ್ಯಮಿತ್ರರನ್ನು ಮೊದಲೇ ಕಾಣಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ನಿಮಗೆ ಹೇಳಿದ ಆಪರೇಷನ್ ಅದರಲ್ಲಿ ಎಷ್ಟರ ಮಟ್ಟಿಗೆ ಬರುತ್ತದೆ ಅಂತ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ.

ಕೊನೆಯದಾಗಿ, ಮನೆಯಲ್ಲಿ ಒಬ್ಬರಿಗೆ ಅನ್ಯೂರಿಸಂ ಅಂತ ಗೊತ್ತಾದರೆ ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ವಿಷಯ ತಿಳಿಸಿ. ಐವತ್ತು, ಅರವತ್ತು ದಾಟಿದ ಅಣ್ಣ ತಮ್ಮಂದಿರು ಒಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಿಕೊಳ್ಳಲಿ. ಜಮೀನಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ತಮ್ಮನಾದರೂ ಸರಿ, ಫೋನ್ ಮಾಡಿ ಹೇಳಿ. ಸ್ಕ್ಯಾನಿಂಗ್ ರೂಮಿನಲ್ಲಿ ಕೇಳಬೇಕಾದ ಮಾತು ಚಿಕ್ಕದು: ‘ಡಾಕ್ಟ್ರೇ, ಅಯೋರ್ಟಾ ಎಷ್ಟು ಸೆಂಟಿಮೀಟರ್ ಇದೆ, ರಿಪೋರ್ಟಿನಲ್ಲಿ ಬರೆದುಕೊಡಿ.’

ಇಂತಿ,
ನಿವೃತ್ತ ಸ್ಟಾಫ್ ನರ್ಸ್,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ